ಎರಡು ಬ್ಯಾಟರಿ ಇದ್ದರೂ ಬೆಳಗ್ಗೆ ದೋಣಿ ಸ್ಟಾರ್ಟ್ ಆಗಲ್ಲ, ಯಾಕೆ?

ನಿಮ್ಮದು 18 ಅಡಿಯ ಫೈಬರ್ ದೋಣಿ, ಹಿಂದೆ ಕಟ್ಟಿದ 40 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ರಾತ್ರಿ ಗಾಳ ಹಾಕಿ ಕೂತರೆ ಬೆಳಗಾಗುವಷ್ಟರಲ್ಲಿ ಎರಡೂ ಬ್ಯಾಟರಿ ಖಾಲಿ ಅಂತೀರಿ. ಬ್ಯಾಟರಿ ಆರಿಸುವ ಸ್ವಿಚ್ ಯಾವುದರ ಮೇಲಿರುತ್ತೆ ಅಂತ ನೀವು ಬರೆದಿಲ್ಲ, ಆದರೆ ಎರಡನ್ನೂ ಒಟ್ಟಿಗೆ ಜೋಡಿಸುವ 'ಬೋತ್' ಮೇಲೇ ಇರಬೇಕು. ನಾನೂ ಮೊದಲ ವರ್ಷ ಹಾಗೇ ಬಿಟ್ಟು, ಗಂಗೊಳ್ಳಿ ಅಳಿವೆಯ ಹೊರಗೆ ಇನ್ನೊಂದು ದೋಣಿಯವರನ್ನು ಕೂಗಿ ಹಗ್ಗ ಕಟ್ಟಿಸಿಕೊಂಡು ದಡ ಸೇರಿದವನೇ.

'ಬೋತ್'ನಲ್ಲಿ ಎರಡು ಬ್ಯಾಟರಿ ಇದ್ದರೂ ಒಂದೇ ಲೆಕ್ಕ, ಒಟ್ಟಿಗೇ ಬರಿದಾಗುತ್ತವೆ. ಒಂದನ್ನು ಇಂಜಿನ್‌ಗೇ ಮೀಸಲಿಡಿ, ಅದರಿಂದ ಒಂದು ಬಲ್ಬೂ ಉರಿಯಬಾರದು. ಲೈಟು, ಫಿಶ್ ಫೈಂಡರ್, ವಿಎಚ್‌ಎಫ್ ರೇಡಿಯೋ ಎಲ್ಲ ಇನ್ನೊಂದಕ್ಕೆ, ಅದು ಡೀಪ್ ಸೈಕಲ್ (ಹೆಚ್ಚು ಹೊತ್ತು ಕರೆಂಟ್ ಎಳೆದರೂ ತಾಳುವ ಬ್ಯಾಟರಿ) ಆಗಿರಲಿ. ನೆಗೆಟಿವ್ ಎರಡೂ ಸೇರಿರಲಿ, ಪಾಸಿಟಿವ್‌ಗಳ ನಡುವೆ ವಿಎಸ್‌ಆರ್ ರಿಲೇ, ಅಂದರೆ ವೋಲ್ಟೇಜ್ ನೋಡಿ ಕೆಲಸ ಮಾಡುವ ಸ್ವಿಚ್, ಹಾಕಿಸಿ. ಇಂಜಿನ್ ಓಡಿ ವೋಲ್ಟೇಜ್ 13.3ರ ಸುಮಾರಿಗೆ ಏರಿದರೆ ಅದು ಎರಡನ್ನೂ ಜೋಡಿಸುತ್ತೆ, 12.8ರ ಹತ್ತಿರ ಇಳಿದರೆ ತಾನೇ ಬಿಡಿಸುತ್ತೆ. ನೀರೆತ್ತುವ ಬಿಲ್ಜ್ ಪಂಪ್ ಮಾತ್ರ ಸ್ವಿಚ್ಚಿನ ಮೂಲಕ ಹೋಗದೆ, ಸ್ವಂತ ಫ್ಯೂಸ್ ಇಟ್ಟುಕೊಂಡು ನೇರ ಎರಡನೇ ಬ್ಯಾಟರಿಗೇ ಹೋಗಲಿ.

ಇಷ್ಟು ಮಾಡಿದರೆ ಇಂಜಿನ್ ಸ್ಟಾರ್ಟ್ ಆಗುತ್ತೆ. ಎರಡನೇ ಬ್ಯಾಟರಿ ತುಂಬುತ್ತೆ ಅಂತ ಮಾತ್ರ ನಂಬಬೇಡಿ. ರಾತ್ರಿ 8 ಗಂಟೆ 4 ಆಂಪ್ಸ್ ಎಳೆದರೆ 32 ಆಂಪಿಯರ್-ಅವರ್ ಹೋಯ್ತು. 80 ಆಂಪಿಯರ್-ಅವರ್‌ನ ಲೆಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು, ಅಂದರೆ 40ಕ್ಕೆ ಮಿತಿ. ವಾಪಸ್ ಬರುವ ಒಂದು ಗಂಟೆಯ ಓಟದಲ್ಲಿ ಔಟ್‌ಬೋರ್ಡ್ 10 ಆಂಪ್ಸ್ ಕೊಟ್ಟರೂ ಮೂರನೇ ಒಂದು ಪಾಲು ವಾಪಸ್ ಬಂದರೆ ಹೆಚ್ಚು. ಇಂಜಿನ್ ನಿಧಾನಕ್ಕೆ ಓಡುವಾಗ ಅದೂ ಇಲ್ಲ. ದಿನಾ ಕೊರತೆ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ, ಎರಡು ಮಳೆಗಾಲ ಕಳೆಯುವುದರೊಳಗೆ ಬ್ಯಾಟರಿ ಗುಜರಿಗೆ.

ಆದ್ದರಿಂದ ದಡಕ್ಕೆ ಬಂದ ಮೇಲೆ ಕರೆಂಟಿನ ಚಾರ್ಜರ್ ಬೇಕೇ ಬೇಕು. 14.4 ವೋಲ್ಟ್‌ವರೆಗೆ ಏರಿಸಿ, ಆಮೇಲೆ 13.6ಕ್ಕೆ ಇಳಿಸಿ ನಿಲ್ಲಿಸುವಂಥದ್ದು ತಗೊಳ್ಳಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತೆ, ಪೆಟ್ರೋಲ್ ಟ್ಯಾಂಕಿನ ಪಕ್ಕ ಮುಚ್ಚಿದ ಪೆಟ್ಟಿಗೆಯಲ್ಲಿ ಬೇಡ. ನಾನಂತೂ ಹೊತ್ತುಕೊಂಡು ಜಗಲಿಗೇ ತರುತ್ತೇನೆ. ಬೆನ್ನಿಗೆ ತ್ರಾಸ, ಆದರೂ ಸರಿ.

ಇಂಜಿನ್ ಓಡುತ್ತಿರುವಾಗ ಸ್ವಿಚ್ಚನ್ನು 'ಆಫ್' ದಾಟಿಸಬೇಡಿ. ಇಂಜಿನ್ನಿನ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ರೆಕ್ಟಿಫೈಯರ್ ಸುಡುತ್ತೆ, ನಂದು ಸುಟ್ಟಿದೆ. ಮುಂದೆ ಲಿಥಿಯಂ ಹಾಕುವ ಯೋಚನೆ ಇದ್ದರೆ ಈ ರಿಲೇ ಆಗಲ್ಲ, ಲಿಥಿಯಂ ಬ್ಯಾಟರಿ ಸುಮ್ಮನೆ ಇಟ್ಟಾಗಲೂ 13.3 ತೋರಿಸುವುದರಿಂದ ರಿಲೇ ಬಿಡಿಸುವುದೇ ಇಲ್ಲ. ಒಂದು ಬ್ಯಾಟರಿಯ ಕರೆಂಟಿನಿಂದ ಇನ್ನೊಂದನ್ನು ತಕ್ಕ ವೋಲ್ಟೇಜಿನಲ್ಲಿ ತುಂಬುವ ಡಿಸಿ-ಡಿಸಿ ಚಾರ್ಜರ್ ಬೇಕಾಗುತ್ತೆ.

ಏನೂ ಕೊಳ್ಳುವ ಮೊದಲು ಟರ್ಮಿನಲ್ ಬಿಚ್ಚಿ ನೋಡಿ. ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಬಿಸಿನೀರು, ಸೋಡಾ ಪುಡಿ ಹಾಕಿ ಉಜ್ಜಿ, ಒಣಗಿಸಿ, ವ್ಯಾಸಲೀನ್ ಸವರಿ.