ಪೂಲಿಂಗ್ ವಾಪಸು ಬರಬೇಕೇ, ಚೆರಿ ಈಗಲೇ ಕೊಡಬೇಕೇ: ಎರಡೂ ಪ್ರಶ್ನೆಗೆ ಒಂದೇ ಉತ್ತರ

ಸಕಲೇಶಪುರದ ಕಡೆ ತಂದೆಯವರ ತೋಟವನ್ನು ಈ ವರ್ಷ ವಹಿಸಿಕೊಂಡಿರುವ ಸ್ನೇಹಿತರು ಎರಡು ಪ್ರಶ್ನೆ ಕೇಳಿದ್ದಾರೆ. ಸರ್ಕಾರ ಕಾಫಿ ಮಾರುಕಟ್ಟೆಯ ಮೇಲಿನ ಹಿಡಿತ ಬಿಟ್ಟದ್ದರಿಂದ ಬೆಳೆಗಾರನಿಗೆ ಒಳಿತಾಯಿತೇ, ಕೆಡುಕಾಯಿತೇ? ಈ ಸಲದ ರೋಬಸ್ಟಾ ಜಾತಿಯ ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣನ್ನು, ಕಣದಿಂದಲೇ ಕೊಡಬೇಕೇ, ಇಟ್ಟುಕೊಳ್ಳಬೇಕೇ? ಮೊದಲನೆಯದರ ಮೇಲೆ ನಮ್ಮ ಬೆಳೆಗಾರರ ಗುಂಪಿನಲ್ಲಿ ಆಗಲೇ ಜಗಳವಾಗಿದೆ. ಎಲ್ಲರ ಕಾಫಿಯನ್ನೂ ಸರ್ಕಾರದ ಕಾಫಿ ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಪೂಲಿಂಗ್ ವಾಪಸು ತನ್ನಿ ಎನ್ನುವವರು ಒಂದು ಕಡೆ, ಆ ಮಂಡಳಿಗೇ ಬೀಗ ಹಾಕಿ ಎನ್ನುವವರು ಇನ್ನೊಂದು ಕಡೆ. ಎರಡನೆಯದಕ್ಕೆ ಯಾರೂ ಉತ್ತರಿಸಿಲ್ಲ. ನನ್ನ ಮಟ್ಟಿಗೆ ಇವು ಬೇರೆ ಬೇರೆ ಪ್ರಶ್ನೆಗಳಲ್ಲ. ಹೇಗೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ನಲವತ್ತರ ಒಳಗಿನವರು ಪೂಲಿಂಗ್ ಕಂಡವರಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಯೂರೋಪಿನ ಮಾರುಕಟ್ಟೆ ಕೈತಪ್ಪಿ ಕಾಫಿ ಕೇಳುವವರಿಲ್ಲದಾಗ ಬೆಳೆಗಾರನನ್ನು ಉಳಿಸಲು ಹುಟ್ಟಿದ ಏರ್ಪಾಡು ಅದು. 1942ರ ಕಾಫಿ ಕಾಯ್ದೆ ಅದನ್ನು ಗಟ್ಟಿ ಮಾಡಿತು. ಮನೆ ಬಳಕೆಗೆ, ಬೀಜಕ್ಕೆ ಒಂದಿಷ್ಟು ಉಳಿಸಿಕೊಂಡು ಮಿಕ್ಕದ್ದೆಲ್ಲವನ್ನೂ ಮಂಡಳಿಯ ಪೂಲ್‌ಗೆ ಹಾಕಬೇಕು. ಹೊರಗೆ ಮಾರಿದರೆ ಅಪರಾಧ. ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದರ್ಜೆ ನೋಡಿ ಪಾಯಿಂಟ್ ಕೊಡುತ್ತಿದ್ದರು, ಮಂಡಳಿ ಹರಾಜು ಮಾಡುತ್ತಿತ್ತು, ಬಂದ ಹಣ ಪಾಯಿಂಟ್ ಲೆಕ್ಕದಲ್ಲಿ ಕಂತುಕಂತಾಗಿ ಕೈಸೇರುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆ ಕಣಕ್ಕೆ ಬಂದಿರುತ್ತಿತ್ತು. ನಾನು ಆ ಕಾಲದಲ್ಲಿ ತೋಟದ ಲೆಕ್ಕ ಬರೆದವನು. ತನ್ನ ಕಾಫಿ ಎಷ್ಟಕ್ಕೆ ಹೋಯಿತು ಎಂಬುದೇ ತಿಳಿಯದೆ ಬೆಳೆಗಾರ ಕೂಲಿ ಬಟವಾಡೆ ಮಾಡಬೇಕಿತ್ತು, ಬ್ಯಾಂಕಿಗೆ ಬಡ್ಡಿ ಕಟ್ಟಬೇಕಿತ್ತು. ಪೂಲಿಂಗ್ ಕಾಲವನ್ನು ಸುವರ್ಣಯುಗ ಎಂದು ಬರೆದವರು ಆ ಕಡತಗಳನ್ನು ಒಮ್ಮೆ ತಿರುವಿ ಹಾಕಲಿ.

ಆದರೂ ಆ ಏರ್ಪಾಡು ಅರ್ಧ ಶತಮಾನ ನಿಂತದ್ದು ಸುಮ್ಮನೆ ಅಲ್ಲ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದಡಿ ದೇಶಕ್ಕಿಷ್ಟು ಎಂದು ರಫ್ತು ಕೋಟಾ ಇತ್ತು. ಸೋವಿಯತ್ ಒಕ್ಕೂಟ ಡಾಲರ್ ಬದಲು ರೂಪಾಯಿ ಲೆಕ್ಕದಲ್ಲೇ ನಮ್ಮ ಕಾಫಿ ಕೊಳ್ಳುತ್ತಿತ್ತು. 1989ರ ಜುಲೈಯಲ್ಲಿ ಕೋಟಾ ಮುರಿದುಬಿತ್ತು, 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಎರಡೂ ಊರುಗೋಲು ಹೋದ ಮೇಲೆ ಪೂಲಿಂಗ್ ಉಳಿಯುವುದು ಕಷ್ಟವಿತ್ತು. 1992ರ ಸುಮಾರಿಗೆ ಬೆಳೆಯ ನೂರಕ್ಕೆ 30 ಪಾಲನ್ನು ದೇಶದೊಳಗೆ ತಾವೇ ಮಾರಿಕೊಳ್ಳಲು ಬಿಟ್ಟರು, ಮರುವರ್ಷ ಅರ್ಧದಷ್ಟು ಬೆಳೆಗೆ ಮುಕ್ತ ಮಾರಾಟದ ಅವಕಾಶ ಬಂತು. ಸಣ್ಣ ಬೆಳೆಗಾರರಿಗೆ ಮೊದಲು, ದೊಡ್ಡವರಿಗೆ ಆಮೇಲೆ ಪೂರ್ತಿ ಬಿಡುಗಡೆಯಾಗಿ, 1996ರ ಹೊತ್ತಿಗೆ ಪೂಲಿಂಗ್ ಮುಗಿಯಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇಯ ಮೊದಲ ಅಂಗಡಿ ತೆರೆದದ್ದೂ ಅದೇ ವರ್ಷ. ಬೆಳೆಗಾರನಿಂದ ನೇರವಾಗಿ ಕೊಂಡು, ಹುರಿದು, ರಫ್ತು ಮಾಡುವ ದಾರಿ ತೆರೆದಿರದಿದ್ದರೆ ಅಂಥ ಉದ್ಯಮ ಆ ವೇಗದಲ್ಲಿ ಬೆಳೆಯುತ್ತಿರಲಿಲ್ಲ.

ಇನ್ನು ಜಗಳದ ವಿಷಯ. ಮಾರುಕಟ್ಟೆ ತೆರೆದುಕೊಳ್ಳುತ್ತಿದ್ದಾಗಲೇ, 1994ರಲ್ಲಿ, ಬ್ರೆಜಿಲ್‌ನ ತೋಟಗಳ ಮೇಲೆ ಹಿಮ ಬಿತ್ತು. ದರ ನೆಗೆಯಿತು. 1997ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾ ಪೌಂಡಿಗೆ 300 ಸೆಂಟ್ ದಾಟಿತು. ನಮ್ಮ ಕಡೆ ಹೊಸ ಜೀಪು ಬಂದವು, ಮನೆಗಳು ಎದ್ದವು, ಎಲ್ಲ ಕೀರ್ತಿ ಮುಕ್ತ ಮಾರುಕಟ್ಟೆಗೆ ಹೋಯಿತು. ಅಷ್ಟರಲ್ಲಿ ವಿಯೆಟ್ನಾಂ ರೋಬಸ್ಟಾ ನೆಟ್ಟು ನೆಟ್ಟು ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂದು ನಿಂತಿತ್ತು. 2001ರಲ್ಲಿ ಅದೇ ಅರೇಬಿಕಾ 50 ಸೆಂಟ್‌ಗಿಂತ ಕೆಳಗಿಳಿಯಿತು, ಈಗ ಎಲ್ಲ ಶಾಪವೂ ಮುಕ್ತ ಮಾರುಕಟ್ಟೆಗೇ. ಹಿಮ ಬೀಳಿಸಿದ್ದೂ ದೆಹಲಿಯ ಆದೇಶವಲ್ಲ, ವಿಯೆಟ್ನಾಂನಲ್ಲಿ ಗಿಡ ನೆಟ್ಟದ್ದೂ ದೆಹಲಿಯ ಆದೇಶವಲ್ಲ. ಪೂಲಿಂಗ್ ಇದ್ದಿದ್ದರೂ ಏರಿಕೆ, ಇಳಿತ ಎರಡೂ ನಮ್ಮನ್ನು ಮುಟ್ಟುತ್ತಿದ್ದವು; ತಡವಾಗಿ, ಎಲ್ಲರ ಮೇಲೂ ಹರಡಿಕೊಂಡು ಮುಟ್ಟುತ್ತಿದ್ದವು ಅಷ್ಟೇ.

ನಿಜವಾಗಿ ಬದಲಾದದ್ದು ಈ ‘ಹರಡಿಕೊಂಡು’ ಎಂಬ ಭಾಗ. ಮೊದಲು ದರದ ಹೊರೆಯನ್ನು ಇಡೀ ಪೂಲ್ ಹೊರುತ್ತಿತ್ತು. ಈಗ ಅದು ಪ್ರತಿಯೊಬ್ಬರ ಕಣದಲ್ಲಿ ಕುಳಿತಿದೆ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಜನ ಹತ್ತು ಹೆಕ್ಟೇರಿನೊಳಗಿನವರು. ಕುಯ್ಲಿನ ಕೂಲಿ, ಬೆಳೆ ಸಾಲದ ಕಂತು, ಸ್ಪ್ರಿಂಕ್ಲರ್‌ಗೆ ಡೀಸೆಲ್, ಎಲ್ಲವೂ ಜನವರಿಯಿಂದ ಮಾರ್ಚ್ ಒಳಗೆ ತಲೆಯ ಮೇಲೆ ಬರುತ್ತವೆ. ಆದ್ದರಿಂದ ಹೆಚ್ಚಿನವರು ಆಗಲೇ ಮಾರುತ್ತಾರೆ. ಕಾಯಬಲ್ಲವನಿಗೆ ನಿಯಂತ್ರಣ ತೆಗೆದದ್ದು ಲಾಭ. ಕಾಯಲಾರದವನಿಗೆ ಕೊಳ್ಳುವವನು ಮಾತ್ರ ಬದಲಾದ. 1990ರ ದಶಕದ ಏರು ದರ ನಂಬಿ ಸಾಲ ಮಾಡಿ ತೋಟ ಬೆಳೆಸಿದವರ ಪಾಡು ಏನಾಯಿತು ಎಂಬುದಕ್ಕೆ 2002ರ ವಿಶೇಷ ಕಾಫಿ ಅವಧಿ ಸಾಲ, 2010ರ ಸಾಲ ಪರಿಹಾರ ಪ್ಯಾಕೇಜ್ ಸಾಕ್ಷಿ. ಪೂಲಿಂಗ್ ವಾಪಸು ಬರುವುದಿಲ್ಲ, ಬರಲೂಬಾರದು. ಆದರೆ ಸಣ್ಣ ಬೆಳೆಗಾರನಿಗೆ ಎರಡು ತಿಂಗಳು ಕಾಯುವ ಶಕ್ತಿ ಕೊಡದೆ ಮಾರುಕಟ್ಟೆ ಬಿಟ್ಟುಕೊಟ್ಟದ್ದು ಅರ್ಧ ಕೆಲಸ ಎಂಬುದೇ ನನ್ನ ದೂರು.

ಈಗ ನಿಮ್ಮ ಚೆರಿಗೆ ಬರೋಣ. ಮೊದಲು ನಿಮ್ಮ ಔಟ್‌ಟರ್ನ್ ನೀವೇ ನೋಡಿಕೊಳ್ಳಿ. 50 ಕೆ.ಜಿ. ಚೆರಿ ಚೀಲದಿಂದ ಎಷ್ಟು ಕೆ.ಜಿ. ಕ್ಲೀನ್ ಬೀಜ ಬರುತ್ತದೆ ಎಂಬುದೇ ಓಟಿ. ವ್ಯಾಪಾರಿ ಹೇಳುವ ದರ ಸಾಮಾನ್ಯವಾಗಿ ಒಂದು ಓಟಿಗೆ ಇಷ್ಟು ಎಂದಿರುತ್ತದೆ. ಓಟಿಗೆ 350 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮ ಕಾಫಿ 28 ಬಂದರೆ ಚೀಲಕ್ಕೆ 9,800, 26 ಎಂದರೆ 9,100. ನೂರು ಚೀಲಕ್ಕೆ 70,000 ರೂಪಾಯಿ ವ್ಯತ್ಯಾಸ. ದಿನದ ದರ ಹತ್ತು ರೂಪಾಯಿ ಹೆಚ್ಚೋ ಕಡಿಮೆಯೋ ಎಂದು ಮೊಬೈಲ್ ನೋಡುತ್ತ ಕೂರುವವರು ಈ ಎರಡು ಓಟಿಯನ್ನು ಸುಮ್ಮನೆ ಬಿಟ್ಟುಕೊಡುತ್ತಾರೆ. ಹತ್ತಾರು ಚೀಲಗಳ ಮೇಲಿನಿಂದ, ನಡುವಿನಿಂದ, ತಳದಿಂದ ಹಿಡಿ ಹಿಡಿ ತೆಗೆದು ಬೆರೆಸಿ, ಅದರಲ್ಲಿ 500 ಗ್ರಾಂ ತೂಗಿ ಸಿಪ್ಪೆ ಬಿಡಿಸಿ. ಬೀಜ 280 ಗ್ರಾಂ ಬಂದರೆ ಓಟಿ 28. ಹತ್ತು ಗ್ರಾಂಗೆ ಒಂದು ಓಟಿ. ಕಪ್ಪು ಬೀಜ, ಒಡಕು, ಬೆರಿ ಬೋರರ್ ಹುಳು ಕೊರೆದದ್ದು ಬೇರೆ ಮಾಡಿ ತೂಗಿ, ಏಕೆಂದರೆ ವ್ಯಾಪಾರಿ ಅದನ್ನು ಕಳೆಯುತ್ತಾನೆ. ತೇವಾಂಶ ರೋಬಸ್ಟಾ ಚೆರಿಗೆ ನೂರಕ್ಕೆ 11ರ ಆಸುಪಾಸಿನಲ್ಲಿರಲಿ. ಹೆಚ್ಚಿದ್ದರೆ ಕಡಿತ ಮಾಡುತ್ತಾರೆ, ಇಟ್ಟರೆ ಬೂಸಲು ಹಿಡಿಯುತ್ತದೆ. ತೀರಾ ಒಣಗಿಸಿದರೆ ತೂಕ ನಿಮ್ಮ ಕಣದಲ್ಲೇ ಆವಿಯಾಗುತ್ತದೆ.

ಆಮೇಲೆ ಮಾರಾಟ. ಎಲ್ಲವನ್ನೂ ಒಂದೇ ದಿನ ಮಾರಬೇಡಿ, ಎಲ್ಲವನ್ನೂ ಇಟ್ಟುಕೊಳ್ಳಲೂ ಬೇಡಿ. ಕೂಲಿ, ಸಾಲ, ಗೊಬ್ಬರಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಮೊದಲು ಕೊಡಿ. ಉಳಿದದ್ದನ್ನು ಎರಡು ಮೂರು ಸಲವಾಗಿ ಕೊಡಿ. 2024ರಲ್ಲಿ ರೋಬಸ್ಟಾ ಚೆರಿ ಚೀಲಕ್ಕೆ ಹತ್ತು ಸಾವಿರ ದಾಟಿದ್ದನ್ನು ನೋಡಿದವರು ಪ್ರತಿ ವರ್ಷವೂ ಕಾದರೆ ಏರುತ್ತದೆ ಎಂದುಕೊಂಡಿದ್ದಾರೆ. 2001ರಲ್ಲಿ ಕಾದವರನ್ನು ಕೇಳಿ ನೋಡಿ. ರೋಬಸ್ಟಾ ದರ ಲಂಡನ್‌ನಲ್ಲಿ, ಅರೇಬಿಕಾ ದರ ನ್ಯೂಯಾರ್ಕ್‌ನಲ್ಲಿ ತೀರ್ಮಾನವಾಗುತ್ತದೆ. ಅದರ ಮೇಲೆ ಡಾಲರ್ ಲೆಕ್ಕ. ನಾವು ಮಾಡಬಹುದಾದದ್ದು ಸರಾಸರಿ ಕಾಪಾಡಿಕೊಳ್ಳುವುದು. ಹಿಂದೆ ಮಂಡಳಿ ಮಾಡುತ್ತಿದ್ದ ಕೆಲಸವನ್ನು ಈಗ ನಮ್ಮ ಗೋದಾಮಿನಲ್ಲಿ ನಾವೇ ಮಾಡುವುದು ಎಂದರೂ ಸರಿ. ಅದಕ್ಕೇ ಎರಡು ಪ್ರಶ್ನೆಗೂ ಉತ್ತರ ಒಂದೇ ಎಂದದ್ದು.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ‘ಕಾಫಿ ಈಗ ತಂದು ಹಾಕಿ, ದರ ನಿಮಗೆ ಬೇಕಾದಾಗ ತೀರ್ಮಾನಿಸಿಕೊಳ್ಳಿ’ ಎಂದು ಕರೆಯುವವರಿಗೆ ಬರೀ ಚೀಟಿ ನಂಬಿ ಮಾಲು ಕೊಡಬೇಡಿ. ನೀವು ದರಕ್ಕೆ ಕಾಯುತ್ತಿರುವಾಗ ಅವರು ನಿಮ್ಮ ಕಾಫಿಯನ್ನು ಮಾರಿ ಆಗಿರುತ್ತದೆ. ದರ ಏರಿದರೆ ಕೊಡಲು ಅವರ ಬಳಿ ಹಣವಿರುವುದಿಲ್ಲ. ಹಾಗೆ ಬಾಗಿಲು ಹಾಕಿಕೊಂಡು ಹೋದವರಿಂದ ಬಾಕಿ ಬರದೆ ನಮ್ಮ ನೆಂಟರಲ್ಲೇ ಒಬ್ಬರು ತೋಟದ ಒಂದು ಭಾಗ ಮಾರಿದರು. ಇಡಲೇಬೇಕೆಂದರೆ ನಿಮ್ಮ ಗೋದಾಮಿನಲ್ಲೇ ಇಡಿ, ಇಲ್ಲವೇ ಮಾನ್ಯತೆ ಪಡೆದ ಉಗ್ರಾಣದಲ್ಲಿಟ್ಟು ಅದರ ರಶೀದಿಯ ಮೇಲೆ ಸಾಲ ಕೊಡುತ್ತಾರೆಯೇ ಎಂದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ.

ಮಂಡಳಿಗೆ ಬೀಗ ಹಾಕಿ ಎನ್ನುವವರಿಗೆ ಎರಡೇ ಮಾತು. ವ್ಯಾಪಾರ ಬಿಟ್ಟದ್ದು ಸರಿ, ಸಂಶೋಧನೆ ಬಿಟ್ಟರೆ ಯಾರು ಮಾಡುತ್ತಾರೆ? ಮಂಡಳಿಯ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಇದೆ. ಕಾಂಡಕೊರಕ ಹುಳುವನ್ನು ತಡೆಯುವ ತಳಿಯನ್ನು ಯಾವ ರಫ್ತುದಾರನೂ ನಮಗಾಗಿ ಹುಡುಕುವುದಿಲ್ಲ. ಕರಿಮೆಣಸಿನಲ್ಲಿ ನೋಡಿ, ಆಮದಿನ ಬಾಗಿಲು ತೆರೆದಾಗ ಶ್ರೀಲಂಕಾ ದಾರಿಯಾಗಿ ವಿಯೆಟ್ನಾಂ ಮಾಲು ನುಗ್ಗಿತು. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ಹಾಕಿಸಲು ಓಡಾಡಿದವರಲ್ಲಿ, ಸರ್ಕಾರ ದೂರವಿರಲಿ ಎನ್ನುತ್ತಿದ್ದ ನಮ್ಮವರೂ ಇದ್ದರು.

ಇನ್ನೊಂದು ಕೆಲಸ ಈಗಲೇ ಮುಗಿಸಿಕೊಳ್ಳಿ. ನಮ್ಮ ಕಾಫಿಗೆ ಯೂರೋಪ್ ಬಹುದೊಡ್ಡ ಗಿರಾಕಿ. ಕಾಡು ಕಡಿದ ನೆಲದ ಕಾಫಿ ಬೇಡ ಎಂದು ಅವರು 2023ರಲ್ಲಿ ಕಾನೂನು ಮಾಡಿದ್ದಾರೆ. ಜಾರಿಯನ್ನು ಮುಂದೂಡಿದರೂ ಕಾನೂನು ರದ್ದಾಗಿಲ್ಲ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ತೋಟವಲ್ಲ ಎಂದು ತೋರಿಸಬೇಕು. ನಾಲ್ಕು ಹೆಕ್ಟೇರ್‌ವರೆಗಿನ ತುಂಡಿಗೆ ಅಕ್ಷಾಂಶ, ರೇಖಾಂಶದ ಒಂದು ಸ್ಥಳಬಿಂದು ಸಾಕು, ಅದಕ್ಕಿಂತ ದೊಡ್ಡದಕ್ಕೆ ಸುತ್ತಲಿನ ಗಡಿಯನ್ನೇ ಗುರುತಿಸಿ ಕೊಡಬೇಕು. ಇಲ್ಲಿ ಸರ್ಕಾರದ ಕಟ್ಟು ಸಡಿಲವಾಯಿತು ಎಂದುಕೊಳ್ಳುವಷ್ಟರಲ್ಲಿ ಯೂರೋಪ್ ಒಕ್ಕೂಟದ ಬ್ರಸೆಲ್ಸ್‌ನಿಂದ ಹೊಸದು ಬಂತು. ತೋಟ ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದರೆ ಪಹಣಿಯ ಪ್ರತಿ ತೆಗೆದುಕೊಂಡು ಮಂಡಳಿಯ ಸಂಪರ್ಕಾಧಿಕಾರಿ ಕಚೇರಿಗೆ ಹೋಗಿ ಬನ್ನಿ, ನೋಂದಣಿ ಹೇಗೆಂದು ಅಲ್ಲಿ ಹೇಳುತ್ತಾರೆ. ಔಟ್‌ಟರ್ನ್ ತೂಕ ಮಾಡಿದ ಮೇಲೆ, ನಿಮ್ಮ ಕಡೆಯ ವ್ಯಾಪಾರಿ ಹೇಳಿದ ಓಟಿ ದರವನ್ನೂ ಸೇರಿಸಿ ಈ ಗುಂಪಿನಲ್ಲಿ ಬರೆಯಿರಿ. ಮೂಡಿಗೆರೆ, ಸೋಮವಾರಪೇಟೆ ಕಡೆಯವರು ತಮ್ಮ ದರ ಹಾಕಿದರೆ ಎಲ್ಲಿ ಕೊಡುವುದು ಮೇಲು ಎಂದು ನೋಡೋಣ.