ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಮನೆಯಲ್ಲೇ ಏನು ಮಾಡಿಸಬಹುದು?

ಮಕ್ಕಳಿಗೆ ಆರು ಮತ್ತು ಹತ್ತು ವರ್ಷ, ಸಮ್ಮರ್ ಕ್ಯಾಂಪ್‌ಗೆ ಕಳಿಸೋ ಹಾಗಿಲ್ಲ, ದಿನವಿಡೀ ಮೊಬೈಲ್ ಹಿಡಿದು ಕೂರ್ತಾರೆ ಅಂತ ಬರೆದಿದ್ದೀರಿ. ನಾನೂ ದಾವಣಗೆರೆಯವಳೇ. ಗ್ಲಿಟರ್, ಬಣ್ಣದ ಹಾಳೆ, ಅಂಗಡಿಯ ಕಿಟ್ ಯಾವುದೂ ಬೇಡ. ನಮ್ಮೂರಲ್ಲಿ ಈಗ ಬೇಕಾದಷ್ಟು ಸಿಗೋದು ಬಿಸಿಲು, ಅದನ್ನೇ ಕೆಲಸಕ್ಕೆ ಹಚ್ಚಿ.

ಮೊದಲು ಸಬ್ಬಕ್ಕಿ ಸಂಡಿಗೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀವೇ ಗಂಜಿ ಕಾಯಿಸಿ ಕೊಡಿ. ಕಾಳು ಗಾಜಿನ ಹಾಗೆ ಆಗುವವರೆಗೆ ಬೇಯಬೇಕು. ಉಪ್ಪು ಮಾತ್ರ ಕೈ ಹಿಡಿದು ಹಾಕಿ, ಒಣಗಿದ ಮೇಲೆ ಸಂಡಿಗೆ ಕುಗ್ಗುತ್ತೆ, ಉಪ್ಪು ಎದ್ದು ಕಾಣುತ್ತೆ. ಗಂಜಿ ಆರಿದ ಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಚಮಚದಲ್ಲಿ ಇಡೋ ಕೆಲಸ ಪೂರ್ತಿ ಮಕ್ಕಳದ್ದು. ಸೊಟ್ಟಗಾದರೂ ಇರಲಿ, ನೀವು ಸರಿಮಾಡಲು ಹೋಗಬೇಡಿ. ಮರುದಿನ ಮಗುಚಿ ಹಾಕೋದು, ಕಾಗೆ ಓಡಿಸೋದು ಚಿಕ್ಕವನಿಗೆ ಬಿಡಿ, ಅದಕ್ಕಿಂತ ಇಷ್ಟದ ಕೆಲಸ ಅವನಿಗೆ ಇನ್ನೊಂದಿಲ್ಲ.

ದೊಡ್ಡವಳಿಗೆ ನೆರಳು ಅಳೆಯೋ ಕೆಲಸ ಕೊಡಿ. ಇದು ನನಗೆ ತುಂಬಾ ಇಷ್ಟವಾದದ್ದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ಒಂದು ಡಬ್ಬಿಗೆ ಮಣ್ಣು ತುಂಬಿ ಕಡ್ಡಿ ನಿಲ್ಲಿಸಿ, ಮಾಳಿಗೆ ಮೇಲೆ ಇಡಿ. ಕಡ್ಡಿ ನೆಟ್ಟಗಿದೆಯಾ ಅಂತ ದಾರಕ್ಕೆ ಕಲ್ಲು ಕಟ್ಟಿ ನೋಡಿಕೊಳ್ಳಲಿ. ಬೆಳಿಗ್ಗೆ ಎಂಟರಿಂದ ಗಂಟೆಗೊಮ್ಮೆ ಹೋಗಿ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದರಾಯಿತು. ನೆರಳು ಅತಿ ಚಿಕ್ಕದಾಗೋದು ಹನ್ನೆರಡಕ್ಕೆ ಅಂತ ಎಲ್ಲರೂ ಅಂದುಕೊಂಡಿರ್ತಾರೆ, ಅಲ್ವಾ? ಏಪ್ರಿಲ್ ಕೊನೆಗೆ ಇಲ್ಲಿ ಅದು ಸುಮಾರು 12.25ಕ್ಕೆ. ನಮ್ಮ ದೇಶದ ಗಡಿಯಾರ ನಡೆಯೋದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ನಾವಿರೋದು ಅದಕ್ಕಿಂತ ಪಶ್ಚಿಮಕ್ಕೆ, 76ರ ಹತ್ತಿರ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಲೆಕ್ಕ ಅವಳೇ ಹಾಕಲಿ.

ಏಪ್ರಿಲ್ ಕೊನೆಯ ವಾರ ಮಾತ್ರ ತಪ್ಪಿಸಬೇಡಿ. ದಾವಣಗೆರೆ, ಚಿತ್ರದುರ್ಗ ಎರಡೂ ಊರಲ್ಲಿ ಆ ವಾರದಲ್ಲೇ ಸೂರ್ಯ ನೆತ್ತಿಯ ಮೇಲೆ ಬರ್ತಾನೆ, ನೆರಳು ಇಲ್ಲದ ದಿನ ಅಂತಾರಲ್ಲ, ಅದು. ಪೈಪಿನ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ. ದಿನಾ ಒಳಗೆ ಅರ್ಧ ನೆರಳು ಬೀಳ್ತಿದ್ದ ಜಾಗದಲ್ಲಿ ಅವತ್ತು 12.25ರ ಹೊತ್ತಿಗೆ ಪೂರ್ತಿ ಬಿಸಿಲು, ಹೊರಗೆ ನೆರಳೇ ಇಲ್ಲ. ಆಗಸ್ಟ್ ಮಧ್ಯದಲ್ಲೂ ಇನ್ನೊಮ್ಮೆ ಬರುತ್ತೆ, ಆದರೆ ಆಗ ಮೋಡ ಜಾಸ್ತಿ. ದೆಹಲಿ ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆ ಇರೋದರಿಂದ ಅಲ್ಲಿನ ಮಕ್ಕಳಿಗೆ ಇದು ನೋಡೋಕೇ ಸಿಗಲ್ಲ. ಮಧ್ಯಾಹ್ನದ ಬಿಸಿಲು ಕೆಟ್ಟದ್ದು, ತಲೆಗೆ ಟೋಪಿ ಹಾಕಿಸಿ, ಗುರುತು ಹಾಕಿದ ಕೂಡಲೇ ಕೆಳಗೆ ಕರೆತನ್ನಿ. ಸೂರ್ಯನನ್ನು ನೇರವಾಗಿ ನೋಡಬಾರದು ಅಂತ ಮೊದಲೇ ಹೇಳಿಬಿಡಿ.

ಮಡಕೆಗೆ ಬಣ್ಣ ಬಳಿಯೋದು ಎಲ್ಲರೂ ಮಾಡಿಸ್ತಾರೆ. ನೀವು ಒಂದೇ ಅಳತೆಯ ಎರಡು ಪುಟ್ಟ ಮಡಕೆ ತಂದು ಒಂದಕ್ಕೆ ಮಾತ್ರ ಹೊರಗಡೆ ಪೂರ್ತಿ ಆಯಿಲ್ ಪೇಂಟ್ ಹಚ್ಚಿಸಿ. ಒಣಗಿದ ಮೇಲೆ ಎರಡಕ್ಕೂ ನೀರು ತುಂಬಿ ನೆರಳಲ್ಲಿ ಗಾಳಿಯಾಡೋ ಕಡೆ ಇಡಿ, ಸಂಜೆ ಕೈ ಅದ್ದಿ ನೋಡಲಿ. ಬಣ್ಣ ಹಚ್ಚದ ಮಡಕೆಯ ಮೈ ಒದ್ದೆ ಇರುತ್ತೆ, ನೀರು ತಣ್ಣಗಿರುತ್ತೆ. ಇನ್ನೊಂದರಲ್ಲಿ ಸಣ್ಣ ತೂತುಗಳೆಲ್ಲ ಮುಚ್ಚಿ ನೀರು ಜಿನುಗಿ ಆರೋಕೆ ದಾರಿಯೇ ಇರಲ್ಲ. ನಮ್ಮ ಕಡೆ ಬೇಸಿಗೆಯಲ್ಲಿ ಒಣ ಹವೆ, ಅದಕ್ಕೇ ಇದು ಇಷ್ಟು ಚೆನ್ನಾಗಿ ಗೊತ್ತಾಗೋದು. ಪೇಂಟ್ ಮಡಕೆಯ ನೀರು ಕುಡಿಯೋಕೆ ಬೇಡ, ಗಿಡಕ್ಕೆ ಹಾಕಿ.

ಸಂಜೆಗೆ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಗಿರಗಿಟ್ಲೆ ಸಾಕು. ಯಾವಾಗಲಾದರೂ ಚಿತ್ರದುರ್ಗದ ಕಡೆ ಹೋದಾಗ ಗುಡ್ಡದ ಮೇಲಿನ ಗಾಳಿಯಂತ್ರ ತೋರಿಸಿ, ರೆಕ್ಕೆ ಯಾಕೆ ಓರೆಯಾಗಿದೆ ಅಂತ ಅವರನ್ನೇ ಕೇಳಿ. ಗಿರಗಿಟ್ಲೆ ಮಾಡಿದ ಮಗು ಉತ್ತರ ಹೇಳುತ್ತೆ.