ಕೋವಿಡ್ ನಿರ್ಬಂಧ ಸಡಿಲವಾಯಿತಲ್ಲ, ಮುಂಬಯಿಯಲ್ಲಿ ಇನ್ನು ಪಬ್ಬಿಗೆ ಹೋಗಬಹುದಾ?

(ಇದು 2021ರ ಅಕ್ಟೋಬರ್ ಕೊನೆಯಲ್ಲಿ ಬರೆದ ಉತ್ತರ; ನಿಯಮ, ಬೆಲೆಗಳೆಲ್ಲ ಆಗಿನವು.) ನೀವು ಕೇಳಿದ್ದು ಇಷ್ಟು: ಈ ತಿಂಗಳು ಹೋಟೆಲು, ಬಾರುಗಳಿಗೆ ರಾತ್ರಿ 12ರ ವರೆಗೆ ಪರವಾನಗಿ ಸಿಕ್ಕಿದೆ. ಗೆಳೆಯರೆಲ್ಲ ಸೇರಿ ಮುಂದಿನ ಶನಿವಾರ ಲೋವರ್ ಪರೇಲಿನ ಒಂದು ಪಬ್ಬಿನಲ್ಲಿ ಬರ್ತ್‌ಡೇ ಇಟ್ಟುಕೊಂಡಿದ್ದಾರೆ. ನಿಮಗೆ ಲಸಿಕೆಯ ಎರಡೂ ಡೋಸ್ ಆಗಿದೆ. ಮನೆಯಲ್ಲಿ ಶುಗರ್ ಇರುವ 71ರ ಅಪ್ಪ ಇದ್ದಾರೆ, ಅವರಿಗೂ ಲಸಿಕೆ ಆಗಿದೆ. ಹೋಗಲಾ, ಬಿಡಲಾ?

ಹೋಗಿ. ಆದರೆ ಎಲ್ಲಿ ಕೂರುವುದು, ಎಷ್ಟು ಹೊತ್ತಿಗೆ ಏಳುವುದು ಅನ್ನುವುದನ್ನು ಮನೆಯಿಂದ ಹೊರಡುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಎರಡು ಪೆಗ್ ಆದ ಮೇಲೆ ಮಾಡಿದ ತೀರ್ಮಾನ ತೀರ್ಮಾನವಲ್ಲ.

ನಾನು ಡಾಕ್ಟರ್ ಅಲ್ಲ, ಎಸಿ ರಿಪೇರಿಯವನು. ಊರು ಕುಂದಾಪುರದ ಹತ್ತಿರ, ಈಗಿರುವುದು ಮುಂಬಯಿ ಹತ್ತಿರದ ಡೊಂಬಿವಲಿ. ನಮ್ಮ ಕಡೆಯವರ ಪರ್ಮಿಟ್ ರೂಮುಗಳು, ಅಂದರೆ ಪರವಾನಗಿ ಇರುವ ಬಾರುಗಳು, ಮುಂಬಯಿಯಲ್ಲಿ ಗಲ್ಲಿಗೊಂದು ಇರುವುದರಿಂದ ಇಪ್ಪತ್ತೆರಡು ವರ್ಷ ನನಗೂ ನನ್ನ ಇಬ್ಬರು ಹುಡುಗರಿಗೂ ಕೆಲಸಕ್ಕೆ ಬರ ಬಂದಿರಲಿಲ್ಲ. ಬಂದದ್ದು 2020ರ ಮಾರ್ಚಿನಲ್ಲಿ. ಕುಡಿಯುವವನೂ ಹೌದು: ವಾರಕ್ಕೊಮ್ಮೆ, ಎರಡು ಪೆಗ್ಗು, ಒಂದು ಪ್ಲೇಟ್ ಬಂಗುಡೆ ಫ್ರೈ. ಹಾಗಾಗಿ ಬಾರನ್ನು ಮೇಜಿನ ಮುಂದೆ ಕೂತೂ ನೋಡಿದ್ದೇನೆ, ಏಣಿ ಹತ್ತಿ ಸೀಲಿಂಗಿನ ಹತ್ತಿರದಿಂದಲೂ ನೋಡಿದ್ದೇನೆ.

ಏಣಿ ಹತ್ತಿದವನು ಹೇಳುವ ಮೊದಲ ಮಾತು: ಎಸಿ ಹೊರಗಿನ ಗಾಳಿಯನ್ನು ತಂಪು ಮಾಡಿ ಒಳಗೆ ಬಿಡುತ್ತದೆ ಅಂತ ಓದಿದವರೂ ನಂಬಿದ್ದಾರೆ. ಹಾಗಲ್ಲ. ಗೋಡೆಯ ಸ್ಪ್ಲಿಟ್ ಇರಲಿ, ಸೀಲಿಂಗಿನ ಕ್ಯಾಸೆಟ್ ಇರಲಿ, ಕೋಣೆಯ ಗಾಳಿಯನ್ನೇ ಎಳೆದುಕೊಂಡು, ತಂಪು ಕಾಯಿಲ್ ಮೇಲೆ ಹಾಯಿಸಿ, ಅದೇ ಕೋಣೆಗೆ ವಾಪಸ್ ಊದುತ್ತದೆ. ಒಳಗಿನ ಯೂನಿಟ್ಟಿಗೂ ಹೊರಗಿನ ಯೂನಿಟ್ಟಿಗೂ ನಡುವೆ ಇರುವುದು ಗ್ಯಾಸಿನ ತಾಮ್ರದ ಪೈಪು. ಅದರಲ್ಲಿ ಗಾಳಿ ಹೋಗುವುದಿಲ್ಲ. ಜಾಲರಿ ಫಿಲ್ಟರ್ ಧೂಳು ಹಿಡಿಯುತ್ತದೆಯೇ ಹೊರತು ವೈರಸ್ಸನ್ನಲ್ಲ. 2008ರ ಅಕ್ಟೋಬರ್ 2ರಂದು ಸಾರ್ವಜನಿಕ ಜಾಗದಲ್ಲಿ ಸಿಗರೇಟು ನಿಷೇಧ ಆಗುವ ಮೊದಲು ಬಾರಿನ ಎಸಿ ತೊಳೆದರೆ ನೀರು ಕಷಾಯದ ಬಣ್ಣಕ್ಕೆ ಬರುತ್ತಿತ್ತು. ಸೇದಿದವರು ಮೂಲೆಯ ಮೇಜಿನವರು. ಆ ಬಣ್ಣ ಮಾತ್ರ ಎಲ್ಲ ಯೂನಿಟ್ಟಿನಲ್ಲೂ. ಆ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಇದು ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ.

2020ರ ಜನವರಿಯಲ್ಲೇ ಚೀನಾದ ಗುವಾಂಗ್‌ಝೌ ಊರಿನ ಒಂದು ಹೋಟೆಲಿನಲ್ಲಿ ನಡೆದದ್ದು ನೋಡಿ. ಕಿಟಕಿಯಿಲ್ಲದ ಮಹಡಿ, ಅಕ್ಕಪಕ್ಕದ ಮೂರು ಮೇಜುಗಳಲ್ಲಿ ಮೂರು ಕುಟುಂಬ, ಒಬ್ಬರಿಗೆ ಸೋಂಕು. ಆ ಮೂರು ಮೇಜಿನವರಲ್ಲಿ ಒಟ್ಟು 10 ಜನರಿಗೆ ಕಾಯಿಲೆ. ಎಸಿಯ ಗಾಳಿ ಸುತ್ತುತ್ತಿದ್ದದ್ದು ಆ ಮೂರು ಮೇಜುಗಳ ನಡುವೆಯೇ. ಅದೇ ಮಹಡಿಯಲ್ಲಿ ಬೇರೆ ಕಡೆ ಕೂತು ಉಂಡವರಿಗೆ, ಬಡಿಸಿದವರಿಗೆ ಏನೂ ಆಗಲಿಲ್ಲ. ಪತ್ರಿಕೆಯಲ್ಲಿ ಬಂದ ಆ ಮೇಜುಗಳ ನಕ್ಷೆ ನೋಡಿದಾಗ ನನಗೆ ಚೀನಾ ನೆನಪಾಗಲಿಲ್ಲ, ನಾನೇ ಸರ್ವಿಸ್ ಮಾಡಿದ ಒಂದು ಮಾಳಿಗೆ ನೆನಪಾಯಿತು.

ಆ ಕಥೆ ಹೇಳಿಬಿಡುತ್ತೇನೆ. ಜಾಗದ ಹೆಸರು ಬೇಡ.

2020ರ ಅಕ್ಟೋಬರ್ 5ಕ್ಕೆ ಅರ್ಧ ಗಿರಾಕಿಗಳ ಲೆಕ್ಕದಲ್ಲಿ ಬಾರು ತೆರೆಯಬಹುದು ಅಂತ ಆಯಿತು. ಅದಕ್ಕೆ ಒಂದು ವಾರ ಮೊದಲು ನನ್ನ ಹಳೆಯ ಗಿರಾಕಿಯೊಬ್ಬರು ಫೋನ್ ಮಾಡಿದರು. ಆರು ತಿಂಗಳು ಶಟರ್ ಹಾಕಿದ ಜಾಗ. ಇಲಿ ವಯರು ಕಡಿದಿತ್ತು, ಎರಡು ಯೂನಿಟ್ಟಿನಲ್ಲಿ ಗ್ಯಾಸು ಇರಲಿಲ್ಲ. ನಿಮಗೆ ಇಲ್ಲಿನ ಪರ್ಮಿಟ್ ರೂಮಿನ ನಕ್ಷೆ ಗೊತ್ತಿರಬಹುದು: ಕೆಳಗೆ ರಸ್ತೆಗೆ ಬಾಯಿ ತೆರೆದ ನಾನ್ ಎಸಿ, ಕಡಿದಾದ ಮೆಟ್ಟಿಲು ಹತ್ತಿದರೆ ಮಾಳಿಗೆಯಲ್ಲಿ ಎಸಿ ಸೆಕ್ಷನ್. ಅಲ್ಲಿ ಕೈ ಎತ್ತಿದರೆ ಸೀಲಿಂಗ್ ಮುಟ್ಟುತ್ತದೆ, ಅದೇ ಕ್ವಾರ್ಟರಿಗೆ ರೇಟು ಜಾಸ್ತಿ. ಆ ಮಾಳಿಗೆಯ ಹಿಂದಿನ ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನಿನ ತೂತು ಇತ್ತು. ಫ್ಯಾನು ಸುಟ್ಟು ವರ್ಷವಾಗಿತ್ತು. ಮಾಲೀಕರು, "ತಂಪೆಲ್ಲ ಅಲ್ಲಿಂದಲೇ ಸೋರಿ ಹೋಗ್ತದೆ ಮಾರಾಯ, ಬಿಲ್ಲು ಯಾರು ಕಟ್ಟೋದು? ಮುಚ್ಚಿ ಬಿಡು" ಅಂದರು. ನನ್ನ ಹುಡುಗ ಥರ್ಮಾಕೋಲ್ ಹಾಳೆ ಕತ್ತರಿಸಿ, ತೂತಿಗೆ ಕೂರಿಸಿ, ಸುತ್ತ ಕಂದು ಟೇಪು ಹಚ್ಚಿದ. ಒಂದು ಮೂಲೆ ಎದ್ದುಕೊಂಡಿತ್ತು. "ಗಟ್ಟಿಯಾಗಿ ಒತ್ತು" ಅಂತ ಹೇಳಿದವನು ನಾನೇ.

ಹತ್ತು ದಿನ ಬಿಟ್ಟು ಇಬ್ಬರು ಗೆಳೆಯರ ಜೊತೆ ಅಲ್ಲಿಗೇ ಹೋದೆ. ಬಾಗಿಲಲ್ಲಿ ಹಣೆಗೆ ಜ್ವರ ಅಳೆಯುವ ಗನ್ನು ಹಿಡಿದರು, ಕೈಗೆ ಸ್ಯಾನಿಟೈಸರ್ ಹಾಕಿದರು, ಪುಸ್ತಕದಲ್ಲಿ ಹೆಸರು ಬರೆಸಿದರು. ಎಲ್ಲ ಶಿಸ್ತು. ಆದರೆ ಊರಿಗೆ ಹೋದ ಹುಡುಗರಲ್ಲಿ ವಾಪಸ್ ಬಂದವರು ನಾಲ್ಕೇ ಜನ, ಎರಡು ಸೆಕ್ಷನ್ ನಡೆಸಲು ಆಗುವುದಿಲ್ಲ ಅಂತ ಕೆಳಗಿನದನ್ನು ಮುಚ್ಚಿ ಎಲ್ಲರನ್ನೂ ಮೇಲೆ ಕೂರಿಸುತ್ತಿದ್ದರು. ಸರಕಾರದ ಐವತ್ತು ಪರ್ಸೆಂಟ್ ಇಡೀ ಹೋಟೆಲಿನ ಲೆಕ್ಕ, ಕೂತದ್ದು ಅರ್ಧ ಹೋಟೆಲಿನಲ್ಲಿ. ಮಾಳಿಗೆ ಹೌಸ್‌ಫುಲ್! ಯಾರೂ ಕಾನೂನು ಮುರಿದಿರಲಿಲ್ಲ. ಎರಡೂವರೆ ಗಂಟೆ ಕೂತೆವು. ಆರು ತಿಂಗಳ ಮಾತು ಬಾಕಿ ಇತ್ತಲ್ಲ, ಎಲ್ಲ ಮೇಜಿನವರೂ ಕೂಗಿಕೊಂಡೇ ಮಾತಾಡುತ್ತಿದ್ದರು.

ಐದನೇ ದಿನ ಮುಲುಂಡಿನಲ್ಲಿ ಒಂದು ಸುಟ್ಟ ಕಂಪ್ರೆಸರ್ ಬಿಚ್ಚಿದೆ. ಸುಟ್ಟ ಕಂಪ್ರೆಸರಿನ ಎಣ್ಣೆಯ ನಾತ ಹೇಗಿರುತ್ತದೆ ಅಂತ ಈ ಕೆಲಸದವರನ್ನು ಕೇಳಿ, ಮನೆಗೆ ಹೋಗಿ ಸ್ನಾನ ಮಾಡಿದರೂ ಮೂಗಿನಿಂದ ಇಳಿಯುವುದಿಲ್ಲ. ಹುಡುಗ ಮೂಗಿಗೆ ಬಟ್ಟೆ ಹಿಡಿದು ದೂರ ಸರಿದ. ನನಗೆ ಏನೂ ಇಲ್ಲ. ಬಗ್ಗಿ ಹತ್ತಿರದಿಂದ ಮೂಸಿದೆ. ನೀರು ಮೂಸಿದ ಹಾಗೆ.

ಕೋವಿಡ್ ಬಂದಿತ್ತು. ಗೆಳೆಯರಿಬ್ಬರಿಗೂ ಅದೇ ವಾರ. ಅಲ್ಲೇ ಹತ್ತಿತು ಅಂತ ಕೋರ್ಟಿನಲ್ಲಿ ಸಾಬೀತು ಮಾಡಲಾರೆ, ನನಗೆ ನಾನು ಮಾಡಿಕೊಂಡಿದ್ದೇನೆ. ಮನೆಯಲ್ಲಿ ಹೆಂಡತಿಯ ಅಮ್ಮ, ಆಗ 74. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದು ಬಂದರು. ನಮ್ಮದು ಲಿಫ್ಟಿಲ್ಲದ ಕಟ್ಟಡ, ಎರಡನೇ ಮಹಡಿ ಹತ್ತಲು ಈಗಲೂ ನಡುವೆ ಎರಡು ಸಲ ನಿಲ್ಲುತ್ತಾರೆ. ಬಾರಿಗೆ ಹೋದದ್ದಕ್ಕೆ ಅವರು ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡು, "ಆ ತೂತು ಮುಚ್ಚಿದ್ದು ನೀವೇಯಾ?" ಅಂದರು.

ಹಾಗಾದರೆ ಹೋಗಿ ಅಂತ ಯಾಕೆ ಹೇಳುತ್ತಿದ್ದೇನೆ? ಆ ವರ್ಷಕ್ಕೂ ಈ ವರ್ಷಕ್ಕೂ ವ್ಯತ್ಯಾಸ ಇದೆ. ಆಗ ಲಸಿಕೆ ಇರಲಿಲ್ಲ. ಈಗ ನಿಮಗೂ ಅಪ್ಪನಿಗೂ ಆಗಿದೆ, ಬಾರಿನ ಹುಡುಗರಿಗೂ ಎರಡು ಡೋಸ್ ಆಗಿರಬೇಕೆಂದು ಆಗಸ್ಟಿನಲ್ಲೇ ನಿಯಮ ಬಂತು. ಈ ತಿಂಗಳ 17ನೇ ತಾರೀಕು, 2020ರ ಮಾರ್ಚಿನ ನಂತರ ಮೊದಲ ಸಲ, ಮುಂಬಯಿಯಲ್ಲಿ ಕೋವಿಡ್ ಸಾವು ಒಂದೂ ದಾಖಲಾಗಲಿಲ್ಲ. ಲಸಿಕೆ ಹಾಕಿಸಿಕೊಂಡವರಿಗೂ ಈಗಿನ ಡೆಲ್ಟಾ ತಳಿಯ ವೈರಸ್ ಹತ್ತುತ್ತದೆ, ಅವರಿಂದ ಇನ್ನೊಬ್ಬರಿಗೂ ದಾಟುತ್ತದೆ. ಆದರೆ ಆಸ್ಪತ್ರೆಗೆ ಸೇರುವ ಹಂತಕ್ಕೆ ಹೋಗುವವರು ತೀರಾ ಕಡಿಮೆ. ಮತ್ತೆ, ಬಾಗಿಲು ಹಾಕಿಕೊಂಡು ಎಷ್ಟು ವರ್ಷ ಕೂರುತ್ತೀರಿ? ಏಪ್ರಿಲಿನಲ್ಲಿ ಎರಡನೇ ಅಲೆಗೆ ಮುಚ್ಚಿ, ಜೂನಿನಲ್ಲಿ ಸಂಜೆ 4ರ ವರೆಗೆ ಅಂತ ತೆರೆದಾಗ ಪರ್ಮಿಟ್ ರೂಮಿನ ಹುಡುಗರ ಮುಖ ನೋಡಿದ್ದೇನೆ. ಸಂಜೆ 4ಕ್ಕೆ ಮುಚ್ಚುವ ಬಾರು! ಊರಿಗೆ ಹೋದ ಬೈಂದೂರಿನ ಹುಡುಗನೊಬ್ಬ ಇನ್ನೂ ಅಲ್ಲೇ ಬೋಟಿಗೆ ಹೋಗುತ್ತಿದ್ದಾನೆ, ಬರುವುದಿಲ್ಲವಂತೆ.

ಈಗ ನಿಮ್ಮ ಶನಿವಾರಕ್ಕೆ ಬರುವ.

ಕಳೆದ ಡಿಸೆಂಬರಿನಲ್ಲಿ ನಾನು ಕಾರ್ಬನ್ ಡೈಆಕ್ಸೈಡ್ ಅಳೆಯುವ ಒಂದು ಸಣ್ಣ ಮೀಟರು ತರಿಸಿದೆ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಹೊರಗಿನ ಗಾಳಿಯಲ್ಲಿ ಅದು 420ರ ಆಸುಪಾಸು ತೋರಿಸುತ್ತದೆ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಅಷ್ಟು ಭಾಗ. ಜನ ಉಸಿರು ಬಿಟ್ಟಷ್ಟೂ, ಹೊಸ ಗಾಳಿ ಬಾರದಷ್ಟೂ ಏರುತ್ತದೆ. 800ರ ಒಳಗಿದ್ದರೆ ನಾನು ಆರಾಮಾಗಿ ಕೂರುತ್ತೇನೆ. ವೈರಸ್ ಇದೆಯೋ ಇಲ್ಲವೋ ಅದು ಹೇಳುವುದಿಲ್ಲ, ಬೇರೆಯವರ ಉಸಿರನ್ನು ನೀವು ಎಷ್ಟು ಕುಡಿಯುತ್ತಿದ್ದೀರಿ ಅಂತ ಹೇಳುತ್ತದೆ. ಸರ್ವಿಸಿಗೆ ಹೋದಲ್ಲೆಲ್ಲ ಜೇಬಿನಿಂದ ತೆಗೆದು ಕೌಂಟರಿನ ಮೇಲೆ ಇಡುತ್ತೇನೆ. ಅರ್ಧ ತುಂಬಿದ ಒಂದು ಮಾಳಿಗೆಯಲ್ಲಿ 2,300 ಬಂತು. ಅದೇ ಹೊತ್ತಿಗೆ ಅದೇ ಹೋಟೆಲಿನ ಕೆಳಗೆ, ಪೂರಾ ತುಂಬಿದ ನಾನ್ ಎಸಿಯಲ್ಲಿ, 640. ನಲವತ್ತು ರೂಪಾಯಿ ಹೆಚ್ಚು ಕೊಟ್ಟು ಹತ್ತುವ ಮೆಟ್ಟಿಲು ಅದು.

ಲೋವರ್ ಪರೇಲಿನ ಪಬ್ಬುಗಳಲ್ಲಿ ಕೆಲವು ಹಳೆಯ ಮಿಲ್ಲಿನ ಶೆಡ್ಡುಗಳು. ಸೀಲಿಂಗ್ ಎತ್ತರ. ಅದು ಒಳ್ಳೆಯದೇ, ಗಾಳಿ ಜಾಸ್ತಿ ಇರುವುದರಿಂದ ಕೆಡುವುದಕ್ಕೆ ಹೊತ್ತು ಹಿಡಿಯುತ್ತದೆ. ಆದರೆ ಕೆಡುವುದು ತಪ್ಪುವುದಿಲ್ಲ. ಎಂಟು ಗಂಟೆಗೆ ಚೆನ್ನಾಗಿದ್ದ ಶೆಡ್ಡು ಹನ್ನೊಂದಕ್ಕೆ ಹಾಗಿರುವುದಿಲ್ಲ, ಅದೂ ಡಿಜೆ ವಾಲ್ಯೂಮ್ ಏರಿಸಿದ ಮೇಲೆ. ಜೋರು ಮಾತಾಡಿದಷ್ಟೂ ಬಾಯಿಂದ ಹೊರಬೀಳುವ ಸೂಕ್ಷ್ಮ ಹನಿಗಳು ಜಾಸ್ತಿ, ಕಿವಿಯ ಹತ್ತಿರ ಬಾಯಿ ತರುವುದೂ ಜಾಸ್ತಿ. ಹಾಗಾಗಿ ಗುಂಪನ್ನು ಏಳು ಗಂಟೆಗೇ ಕರೆಯಿರಿ, ಕೇಕು ಮೊದಲು ಕತ್ತರಿಸಿ, ಒಂಬತ್ತೂವರೆಗೆ ಎದ್ದುಬಿಡಿ. ಹನ್ನೆರಡರ ವರೆಗೆ ಪರವಾನಗಿ ಇದೆ ಅಂದರೆ ಹನ್ನೆರಡರ ವರೆಗೆ ಕೂರಬೇಕೆಂದೇನೂ ಇಲ್ಲ. ಹೇಗೂ ಕೊನೆಯ ಲೋಕಲ್‌ಗೆ ಓಡುವ ರಗಳೆಯೂ ತಪ್ಪುತ್ತದೆ.

ಬುಕ್ ಮಾಡುವಾಗ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: ಹೊರಗೆ ಕೂರುವ ಜಾಗ ಇದೆಯಾ? ಅಂಗಳ, ವರಾಂಡ, ಮೂರು ಕಡೆ ತೆರೆದ ಟೆರೇಸು, ಏನಾದರೂ ಸರಿ. ಟೆರೇಸಿಗೆ ನಾಲ್ಕೂ ಕಡೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದರೆ ಅದು ಟೆರೇಸಲ್ಲ, ಗುಡಾರ. (ಟೆರೇಸು ಅಂದ ಮೇಲೆ ಹೊರಗೆ ಹೋಗುವ ದಾರಿ ಎಲ್ಲಿದೆ ಅಂತಲೂ ನೋಡಿಕೊಳ್ಳಿ. 2017ರ ಡಿಸೆಂಬರಿನಲ್ಲಿ ಅಲ್ಲೇ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಮೇಲ್ಮಹಡಿಯ ಬೆಂಕಿಯಲ್ಲಿ 14 ಜನ ಹೋದರು. ಅವತ್ತಿನಿಂದ ನಾನು ಬಾರಿಗೆ ಹೋದರೆ ಮೆನುಗಿಂತ ಮೊದಲು ಬಾಗಿಲು ನೋಡುವವನು.) ಒಳಗೆಯೇ ಕೂರಬೇಕಾದರೆ ಬಾಗಿಲ ಹತ್ತಿರ ಕೂರಿ, ಎಸಿ ನೇರ ಮುಖಕ್ಕೆ ಊದುವ ಮೇಜು ಬೇಡ ಅನ್ನಿ. ಕಾಲಿಟ್ಟ ಕೂಡಲೇ ನಿನ್ನೆಯ ತಂದೂರಿ ಹೊಗೆಯ ವಾಸನೆ ಬಂದರೆ ಆ ಜಾಗದ ಗಾಳಿ ನಿನ್ನೆಯದೇ ಅಂತ ಲೆಕ್ಕ. ಮೀಟರು ಬೇಕಿಲ್ಲ, ಮೂಗು ಸಾಕು, ಈಗ ನನ್ನದೂ ವಾಪಸ್ ಬಂದಿದೆ.

ಅಪ್ಪನ ವಿಷಯ ಬೇರೆ. ಅವರು ಪಬ್ಬಿಗೆ ಬರುತ್ತಿಲ್ಲ, ಅವರನ್ನು ಯಾರೂ ಕೇಳುತ್ತಿಲ್ಲ. ಕೇಳಿ. "ಶನಿವಾರ ಹೋಗಿ ಬರ್ತೇನೆ, ನಾಲ್ಕೈದು ದಿನ ನಿಮ್ಮ ಹತ್ತಿರ ಮಾಸ್ಕ್ ಹಾಕಿಕೊಂಡೇ ಬರ್ತೇನೆ, ಊಟ ಬೇರೆ ಮಾಡ್ತೇನೆ" ಅಂತ ಎದುರಿಗೆ ಹೇಳಿ. ಬೇಡ ಅಂದರೆ ಬೇಡ. ದೀಪಾವಳಿ ನವೆಂಬರ್ 4ಕ್ಕೆ, ಶನಿವಾರ ಕಳೆದು ಐದೇ ದಿನಕ್ಕೆ. ಹಬ್ಬಕ್ಕೆ ಇನ್ನೂ ವಯಸ್ಸಾದವರು ಮನೆಗೆ ಬರುವವರಿದ್ದರೆ ನಾನಾಗಿದ್ದರೆ ಪಾರ್ಟಿಯನ್ನು ಒಂದು ವಾರ ಮುಂದೆ ಹಾಕಿಸುತ್ತಿದ್ದೆ. ಮೆಡಿಕಲ್ಲಿನಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟ್ ಕಿಟ್ ಸಿಗುತ್ತದೆ, ಪುಣೆಯ ಮೈಲ್ಯಾಬ್‌ನದ್ದು 250 ರೂಪಾಯಿ, ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ. ಮೂರನೇ ದಿನ ಒಂದು, ಐದನೇ ದಿನ ಒಂದು ಮಾಡಿ. ನೆಗೆಟಿವ್ ಬಂದೂ ಗಂಟಲು ಕೆರೆದರೆ ಆರ್‌ಟಿ-ಪಿಸಿಆರ್‌ಗೆ ಹೋಗಿ, ಅಪ್ಪನ ಕೋಣೆಗಲ್ಲ. ಎರಡು ಪೆಗ್ಗಿನ ಬಿಲ್ಲಿಗೆ ಐನೂರು ಸೇರಿಸಿಕೊಂಡು ಖರ್ಚಿನ ಲೆಕ್ಕ ಹಾಕಿ.

ಗೆಳೆಯರು ನಗಾಡುತ್ತಾರೆ, ಅದು ಇದ್ದದ್ದೇ. ಟಿಪ್ಸ್ ಮಾತ್ರ ಈ ಸಲ ಕೈಬಿಚ್ಚಿ ಕೊಡಿ, ಆ ಹುಡುಗರಿಗೆ ಒಂಬತ್ತೂವರೆಗೆ ಎದ್ದು ಹೋಗುವ ಅನುಕೂಲ ಇಲ್ಲ.

ನನ್ನ ಹಳೆಯ ಜಾಗಕ್ಕೆ ಜುಲೈಯಿಂದ ಮತ್ತೆ ಹೋಗುತ್ತಿದ್ದೇನೆ. ಜೂನಿನಲ್ಲಿ ಆ ಥರ್ಮಾಕೋಲ್ ನಾನೇ ಕಿತ್ತು, ಹನ್ನೆರಡು ಇಂಚಿನ ಹೊಸ ಎಕ್ಸಾಸ್ಟ್ ಹಾಕಿ, ಕೂಲಿ ತೆಗೆದುಕೊಳ್ಳದೆ ಬಂದಿದ್ದೆ. ಮೊನ್ನೆ ಈ ಅಕ್ಟೋಬರ್ ಸೆಕೆಗೆ ಮಾಲೀಕರ ಫೋನ್ ಬಂತು: ಮೇಲೆ ತಂಪೇ ನಿಲ್ಲುತ್ತಿಲ್ಲ, ಗಿರಾಕಿಗಳು ಬೈಯುತ್ತಾರೆ, ಆ ತೂತು ಮತ್ತೆ ಮುಚ್ಚುವ ಅಂತ. ಬೇರೆ ಯಾರನ್ನಾದರೂ ಕರೆಸಿಕೊಳ್ಳಿ ಶೆಟ್ರೆ ಅಂದೆ. ಕರೆಸಿಕೊಂಡರೋ ಇಲ್ಲವೋ ಹತ್ತಿ ನೋಡಿಲ್ಲ. ನಾನು ಕೂರುವುದು ಕೆಳಗೆ, ಬಾಗಿಲ ಪಕ್ಕದ ಮೇಜಿನಲ್ಲಿ, ರಿಕ್ಷಾದ ಹಾರನ್ನು ಕೇಳಿಕೊಂಡು.